ಅತ್ತೆ ಬಿಟ್ಟ ಹಣ್ಣು

ಹೋದ ವಾರ ಸರಸ್ವತಿಪುರಂ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದೆ. ಸಂಜೆ ಆರರ ಹೊತ್ತು. ಟ್ಯುಟೋರಿಯಲ್ ಬಿಟ್ಟು ಬರುತ್ತಿದ್ದ ಮಕ್ಕಳ ಗಲಾಟೆ, ಸಿಟಿ ಬಸ್ಸಿನ ಹೊಗೆ, ಪಕ್ಕದ ಹೋಟೆಲಿನಿಂದ ಬೋಂಡ ಕರಿಯುವ ಎಣ್ಣೆಯ ಘಾಟು. ಇಷ್ಟೆಲ್ಲದರ ನಡುವೆ ತೂರಿಕೊಂಡು ಇನ್ನೊಂದು ವಾಸನೆ ಬಂದು ಮೂಗಿಗೆ ತಾಗಿತು. ಜೇನು, ಒಣಹುಲ್ಲು, ಒಂಚೂರು ಹೊಗೆ, ಮೂರೂ ಬೆರೆತ ಹಾಗೆ. ತಿರುಗಿ ನೋಡಿದರೆ ಫುಟ್‌ಪಾತಿನ ಪಕ್ಕ ಒಂದು ತಳ್ಳುಗಾಡಿ, ಅದರ ಮೇಲೆ ಗೋಣಿಚೀಲ ಹಾಸಿ ನಾಲ್ಕೇ ನಾಲ್ಕು ಚಿಪ್ಪು ರಸಬಾಳೆ. ನನ್ನ ಕಣ್ಣು ಅಲ್ಲಿ ನೆಟ್ಟಿದ್ದು ನೋಡಿ ಗಾಡಿಯವನು, "ತಗೊಳಿ ಅಕ್ಕಾ, ಒರಿಜಿನಲ್ ನಂಜನಗೂಡು ರಸಬಾಳೆ, ನಾಳೆ ಬಂದ್ರೆ ಸಿಗಲ್ಲ" ಅಂದ. ಒರಿಜಿನಲ್ಲೋ ಅಲ್ಲವೋ ನನಗೆ ಹೇಳಿಕೊಡಬೇಕೇನಪ್ಪ ನೀನು, ಅಂತ ಮನಸ್ಸಿನಲ್ಲೇ ಅಂದುಕೊಂಡು, "ಬೇಡ, ನಾನು ತಿನ್ನಲ್ಲ" ಅಂದೆ. "ಶುಗರ್ರಾ ಅಕ್ಕಾ?" ಅಂತ ಪಾಪ, ಮರುಕದಿಂದ ಕೇಳಿದ. ಹಸಿರು ದೀಪ ಬಂತು, ಹಿಂದಿನವನು ಹಾರ್ನ್ ಹೊಡೆದ, ಹೊರಟುಬಿಟ್ಟೆ. ಮನೆ ಮುಟ್ಟುವ ತನಕ ಕಣ್ಣು ಒರೆಸಿಕೊಳ್ಳುತ್ತಲೇ ಗಾಡಿ ಓಡಿಸಿದೆ.

ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ, ನಾನು ಚಿಕ್ಕವಳಿದ್ದಾಗ ಕುವೆಂಪುನಗರ ಇಷ್ಟು ಕಾಲು ಚಾಚಿರಲಿಲ್ಲ. ಬಸ್ಸು ಒಂದು ಕಡೆ ಸುಸ್ತಾಗಿ ನಿಂತುಬಿಡುತ್ತಿತ್ತು. ಅಲ್ಲಿಂದ ಆಚೆ ಮಣ್ಣು ದಾರಿಯಲ್ಲಿ ಇಪ್ಪತ್ತು ನಿಮಿಷ ನಡೆದರೆ ನಮ್ಮ ತೋಟ. ಮೂರು ಎಕರೆ. ನಮ್ಮ ತಾತ ಯಾವುದೋ ಬಂಗಲೆಯಲ್ಲಿ ಮಾಲಿಯಾಗಿದ್ದವರು, ಕೊನೆಗಾಲದಲ್ಲಿ ಆ ಜಮೀನು ಮಾಡಿಕೊಂಡು, ನಂಜನಗೂಡಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಐದೇ ಐದು ಬಾಳೆಕಂದು ಮಡಿಲಲ್ಲಿಟ್ಟುಕೊಂಡು ಬಂದರಂತೆ. ಕಂದು ಅಂದರೆ ತಾಯಿಗಿಡದ ಬುಡದಲ್ಲಿ ಹುಟ್ಟುವ ಮರಿ. ಆ ಐದು ಕಂದಿನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೇ ನಾನು ಹುಟ್ಟುವ ಹೊತ್ತಿಗೆ ಇಡೀ ತೋಟ ತುಂಬಿದ್ದವು. ತಾತ ಹೋದ ಮೇಲೆ ತೋಟವನ್ನು ನಡೆಸಿದವರು ಅವರ ದೊಡ್ಡ ಮಗಳು, ನನ್ನ ಅಪ್ಪನ ಅಕ್ಕ, ಲೂರ್ದಮ್ಮ. ಮದುವೆ ಬೇಡವೆಂದವರು. ಎತ್ತರದ ಹೆಂಗಸು, ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿ, ಕೊರಳಲ್ಲಿ ಜಪಸರ, ಸೊಂಟದಲ್ಲಿ ಕುಡುಗೋಲು. ನನ್ನ ಅಪ್ಪ ಟೌನಿನಲ್ಲಿ ಗುಮಾಸ್ತರಾಗಿದ್ದರು. ತೋಟದ ವಿಷಯ ಬಂದರೆ, "ನಮ್ಮಕ್ಕನ್ನ ಕೇಳಿ" ಅಂತ ಜಾರಿಕೊಳ್ಳುತ್ತಿದ್ದರು. ಮಂಗಳೂರು ಹೆಂಚಿನ ಆ ಮನೆಯಲ್ಲಿ ನಾವೆಲ್ಲ ಒಟ್ಟಿಗೇ ಇದ್ದೆವು. ನಾನು ಮಲಗುತ್ತಿದ್ದ ಕೋಣೆಯ ಪಕ್ಕದ್ದೇ ಹಣ್ಣಿನ ಕೋಣೆ. ಅಲ್ಲಿ ಗೊನೆಗಳನ್ನು ಒಣಹುಲ್ಲಿನಲ್ಲಿ ಮುಚ್ಚಿ, ಒಣಗಿದ ಎಲೆಯ ಹೊಗೆ ಹಾಕಿ, ಬಾಗಿಲ ಸಂದಿಗೆಲ್ಲ ಸಗಣಿ ಮೆತ್ತಿ ಮೂರು ದಿನ ಬಿಡುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದುದು ಅಮ್ಮ ಅಲ್ಲ, ಗೋಡೆ ಆಚೆಯ ಆ ವಾಸನೆ.

ಆರ್ಗ್ಯಾನಿಕ್ ಅನ್ನುವ ಮಾತು ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ. ಅತ್ತೆಗೆ ಗೊತ್ತಿದ್ದುದು ಕೊಟ್ಟಿಗೆ ಗೊಬ್ಬರ, ಹೊಂಗೆಸೊಪ್ಪು, ಬೂದಿ, ಬೇವಿನ ಹಿಂಡಿ. ಸೀಮೆಗೊಬ್ಬರದ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದರು. ಒಂದು ಸಲ ಔಷಧಿ ಮಾರುವವನೊಬ್ಬ ಟೈ ಕಟ್ಟಿಕೊಂಡು ಬಂದು, ಡಬ್ಬ ತೋರಿಸಿ, ಇದನ್ನು ಹೊಡೆದರೆ ಗೊನೆ ಇಷ್ಟುದ್ದ ಬರುತ್ತೆ ಅಂತ ಕೈ ಅಗಲಿಸಿದ. ಅತ್ತೆ, "ಇದನ್ನ ನಿಮ್ಮನೆ ಸಾರಿಗೆ ಒಂದು ಚಮಚ ಹಾಕ್ಕೊಂಡು ನನ್ನೆದುರಿಗೆ ಉಂಡು ತೋರ್ಸಿ. ಆಮೇಲೆ ನನ್ನ ಬಾಳೆಗೂ ಉಣ್ಣಿಸ್ತೀನಿ" ಅಂದರು. ಆ ಮನುಷ್ಯ ಮತ್ತೆ ನಮ್ಮ ದಾರಿ ತುಳಿಯಲಿಲ್ಲ. ಜಯಲಕ್ಷ್ಮಿಪುರಂನಿಂದ ಮೇಷ್ಟ್ರ ಮನೆಯವರು, ಚರ್ಚಿನಿಂದ ನೇರವಾಗಿ ಬರುವ ನಮ್ಮವರು, ಭಾನುವಾರ ಬಂತೆಂದರೆ ಗೇಟಿನ ಹತ್ತಿರ ಸೈಕಲ್ಲು ಸ್ಕೂಟರುಗಳ ಸಾಲು. ಹಣ್ಣು ಕೊಳ್ಳಲು ಬಂದವರು ಕಂದು ಕೇಳಿದರೆ ಅತ್ತೆ ಸುಮ್ಮನೆ ಕೊಟ್ಟುಬಿಡುತ್ತಿದ್ದರು. "ಮಕ್ಕಳನ್ನ ಮಾರ್ತಾರೇನ್ರೀ ಯಾರಾದ್ರೂ" ಅನ್ನುತ್ತಿದ್ದರು.

ಆದರೆ ಎರಡು ಕಟ್ಟುಪಾಡಿತ್ತು. ಗೇಟಿನ ಒಳಗೆ ಕಾಲಿಡುವಲ್ಲೇ ದನಕ್ಕೆ ನೀರು ಕುಡಿಸುವಂಥ ಒಂದು ಉದ್ದನೆಯ ಕಲ್ಲುಬಾನಿ. ಅದರ ತುಂಬ ಸುಣ್ಣದ ತಿಳಿನೀರು, ಮೇಲೆ ಬೇವಿನ ಸೊಪ್ಪು. ಯಾರೇ ಬರಲಿ, ಚಪ್ಪಲಿ ಹೊರಗೆ ಹೊಂಗೆಮರದ ಬುಡದಲ್ಲಿ ಬಿಟ್ಟು, ಬಾನಿಯಲ್ಲಿ ಕಾಲು ಅದ್ದಿ ತೊಳೆದುಕೊಂಡೇ ಒಳಗೆ ಬರಬೇಕು. ಬೇರೆ ಬಾಳೆತೋಟ ತುಳಿದ ಮಣ್ಣು ನಮ್ಮ ತೋಟಕ್ಕೆ ಬರಕೂಡದು. ಎರಡನೆಯದು, ನಮ್ಮ ಕಂದು ಎಲ್ಲಿಗೆ ಬೇಕಾದರೂ ಹೋಗಬಹುದು, ಹೊರಗಿನ ಕಂದು ಒಂದೂ ಒಳಗೆ ಬರಕೂಡದು. ಇದು ತಾತನ ಕಾಲದಿಂದ ಬಂದದ್ದು. ರಸಬಾಳೆಗೆ ಸೊರಗು ರೋಗ ಅನ್ನುವುದೊಂದಿದೆ, ಅದು ಮಣ್ಣಿನಲ್ಲಿ, ಗಡ್ಡೆಯಲ್ಲಿ ಕೂತು ಬರುತ್ತೆ, ಬಂದರೆ ಆ ಮಣ್ಣನ್ನು ಮತ್ತೆ ಬಿಡುವುದಿಲ್ಲ ಅಂತ ತಾತ ಹೆದರಿಸಿದ್ದರಂತೆ. ನಮ್ಮ ಚರ್ಚಿನ ಫಾದರ್ ಬಂದರೂ ಬಿಡುವಂತಿಲ್ಲ. ಅವರು ಷೂ ಕಳಚಿ, ಕಾಲುಚೀಲ ಕಳಚಿ, ಬಿಳಿ ನಿಲುವಂಗಿ ಎತ್ತಿ ಹಿಡಿದು ಬಾನಿಯಲ್ಲಿ ನಿಂತು, "ಲೂರ್ದಮ್ಮನೋರೇ, ನಾನು ವರ್ಷಕ್ಕೊಂದು ದಿನ, ಪವಿತ್ರ ಗುರುವಾರ, ಚರ್ಚಿನಲ್ಲಿ ಹನ್ನೆರಡು ಜನರ ಪಾದ ತೊಳೀತೀನಿ. ನೀವು ವರ್ಷವೆಲ್ಲ ಊರವರ ಪಾದ ತೊಳಿಸ್ತೀರಿ. ಸ್ವರ್ಗದಲ್ಲಿ ನಿಮ್ಮದೇ ಮುಂದಿನ ಬೆಂಚು" ಅಂತ ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. "ಹಿಮ್ಮಡಿ ಸರಿಯಾಗಿ ತೊಳೀರಿ ಫಾದರ್" ಅನ್ನುತ್ತಿದ್ದರು. ನಾನೊಬ್ಬಳು ಮಾತ್ರ ಹೇಳಿಸಿಕೊಳ್ಳದೆ ತೊಳೆಯುತ್ತಿದ್ದೆ. "ನೋಡಿ ನಮ್ಮ ಸ್ಟೆಲ್ಲಾನ, ಒಂದು ದಿನಕ್ಕೂ ತಪ್ಪಿಸಿಲ್ಲ" ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರು. ಆ ಮಾತು ಕೇಳಿದರೆ ನಾನು ಉಬ್ಬಿಹೋಗುತ್ತಿದ್ದೆ.

ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಗಿರಿಜಾ. ಹಣೆಗೆ ವಿಭೂತಿ ಇಟ್ಟುಕೊಂಡು ಬರುತ್ತಿದ್ದಳು, ಅವರಪ್ಪನದು ದಿನಸಿ ಅಂಗಡಿ. ಅವಳ ತಾತನಿಗೆ ಹಳ್ಳಿಯಲ್ಲಿ ರಸಬಾಳೆ ತೋಟವಿತ್ತು. ನಮ್ಮಿಬ್ಬರ ಮಧ್ಯೆ ಯಾರ ಮನೆಯ ಹಣ್ಣು ಹೆಚ್ಚು ಅನ್ನುವ ಜಗಳ ಮುಗಿಯುತ್ತಲೇ ಇರಲಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ಲೂರ್ದುಮಾತೆಯ ಹಬ್ಬ, ಅಂದರೆ ಅತ್ತೆಯ ಹೆಸರಿನ ಹಬ್ಬ, ಬಂತು. ಊರಿಗೆಲ್ಲ ಕೊಡುವ ಅತ್ತೆಗೆ ಯಾರೂ ಏನೂ ಕೊಡುವುದೇ ಇಲ್ಲವಲ್ಲ ಅಂತ ನನಗೆ ಇದ್ದಕ್ಕಿದ್ದ ಹಾಗೆ ಅಳುವೇ ಬಂದುಬಿಟ್ಟಿತ್ತು. ಗಿರಿಜಾಗೆ ಹೇಳಿದೆ. ಅವಳು ದೊಡ್ಡ ಮನಸ್ಸು ಮಾಡಿ, "ಅಯ್ಯೋ ಅಷ್ಟೇನಾ, ನಮ್ಮ ತಾತನ ತೋಟದ್ದು ಒಂದು ಕಂದು ತಂದ್ಕೊಡ್ತೀನಿ ತಗೊಳೆ" ಅಂದಳು. ಸೋಮವಾರ ಒದ್ದೆ ಗೋಣಿಯಲ್ಲಿ ಸುತ್ತಿ, ನಮ್ಮ ಬ್ಯಾಗಿನಷ್ಟೇ ಎತ್ತರದ ಒಂದು ಕಂದನ್ನು ತಂದು ಕೊಟ್ಟಳು. ಅವಳ ತಾತನ ತೋಟ ಆಗಲೇ ಒಂದು ಮೂಲೆಯಿಂದ ಸೊರಗುತ್ತಾ ಬಂದಿತ್ತು ಅನ್ನುವುದು ಅವಳಿಗೂ ಗೊತ್ತಿರಲಿಲ್ಲ, ನನಗಂತೂ ಹೇಗೆ ಗೊತ್ತಾಗಬೇಕು. ಹಬ್ಬದ ದಿನ ಕೈಗೆ ಕೊಟ್ಟರೆ ಅತ್ತೆ ಒಳಗೆ ಬಿಡುವುದಿಲ್ಲ ಅಂತ ಮಾತ್ರ ಗೊತ್ತಿತ್ತು. ಅದಕ್ಕೇ ಒಂದು ಉಪಾಯ ಮಾಡಿದೆ. ಯಾರೂ ಇಲ್ಲದ ಹೊತ್ತು ನೋಡಿ ಕಂದನ್ನು ಕಲ್ಲುಬಾನಿಯಲ್ಲಿ ಮುಳುಗಿಸಿ, ಗಡ್ಡೆಗೆ ಅಂಟಿದ ಮಣ್ಣೆಲ್ಲ ಬಿಡುವ ಹಾಗೆ ತಿಕ್ಕಿ ತಿಕ್ಕಿ ತೊಳೆದೆ. ಕಾಲು ತೊಳೆದರೆ ಸಾಕು ಅಂತ ತಾನೇ ಅತ್ತೆ ಹೇಳಿದ್ದು, ಕಂದಿಗೂ ಸಾಕು ಅಂದುಕೊಂಡೆ. ಬಾವಿ ಹತ್ತಿರ ಗೊನೆ ಕಡಿದು ಬಿಟ್ಟಿದ್ದ ಒಂದು ಹಳೇ ಬುಡವಿತ್ತು. ಅದರ ಪಕ್ಕದಲ್ಲೇ ನೆಟ್ಟರೆ ಅದರದೇ ಮರಿ ಅನ್ನಿಸುತ್ತೆ. ನೆಟ್ಟು, ನೀರು ಹಾಕಿ, ಗೊನೆ ಬಿಟ್ಟ ದಿನ ಅತ್ತೆಯ ಕೈ ಹಿಡಿದು ಕರೆದುಕೊಂಡು ಬಂದು ತೋರಿಸಬೇಕು ಅಂತ ಲೆಕ್ಕ ಹಾಕಿಕೊಂಡು ಕೂತೆ.

ಜೂನಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ನಮ್ಮ ಹಸು ಸತ್ತು ಗೊಬ್ಬರ ಸಾಲದೆ ಬಂದು, ಅತ್ತೆ ಮೊದಲನೇ ಸಲ ಹೊರಗಿನಿಂದ ಒಂದು ಗಾಡಿ ಗೊಬ್ಬರ ತರಿಸಿದರು. ಗಾಡಿ ಬಂದದ್ದು ಭಾನುವಾರ ಬೆಳಿಗ್ಗೆ, ಚರ್ಚಿನಲ್ಲಿ ಪೂಜೆಗೆ ಎರಡನೇ ಗಂಟೆ ಹೊಡೆಯುವ ಹೊತ್ತಿಗೆ. ಚಕ್ರಕ್ಕೆ ನೀರು ಹಾಕಿ ತೊಳೆಸಬೇಕಿತ್ತು. ಹೊತ್ತಾಗಿಬಿಟ್ಟಿದೆ ಅಂತ ಅತ್ತೆ, "ಬುಡು, ಬಾವಿ ಹತ್ರ ಸುರಿದು ಹೋಗು" ಅಂತ ಗಾಡಿಯವನಿಗೆ ಹೇಳಿ, ತಲೆಗೆ ಸೆರಗು ಹೊದ್ದು ನನ್ನನ್ನು ಎಳೆದುಕೊಂಡು ಓಡಿದರು. ಅವರು ಜೀವಮಾನದಲ್ಲಿ ಕಟ್ಟುಪಾಡು ಮುರಿದದ್ದು ಅದೊಂದೇ ಸಲ.

ಆಗಸ್ಟ್ ಕೊನೆಗೆ ಬಾವಿ ಹತ್ತಿರದ ಗಿಡಗಳಲ್ಲಿ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾದವು. ಮೊದಲು ನಾನು ನೆಟ್ಟದ್ದು. ಆಮೇಲೆ ಅದರ ಸುತ್ತಿನದ್ದು. ಎಲೆಗಳು ದಂಟು ಮುರಿದು ಗಿಡದ ಸುತ್ತ ಹಳೇ ಲಂಗದ ಹಾಗೆ ಜೋತುಬಿದ್ದವು. ನಮ್ಮಲ್ಲಿ ಕೆಲಸಕ್ಕಿದ್ದ ಮುದುಕ ಸಿದ್ದಯ್ಯ ಒಂದು ಗಿಡವನ್ನು ಕಡಿದು ಉದ್ದಕ್ಕೆ ಸೀಳಿದ. ಒಳಗೆಲ್ಲ ಕೆಂಪು ಕಂದುಬಣ್ಣದ ಗೆರೆ, ಕೊಳೆತ ಮೀನಿನಂಥ ನಾತ. "ಅವ್ವಾ, ಬಂದ್ಬುಡ್ತು ಕಣವ್ವಾ. ಇನ್ನೆಂಗೂ ಉಳಿಯಾಕಿಲ್ಲ" ಅಂದ. ಅತ್ತೆ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. ಎದೆಗೆ ಗುದ್ದಿಕೊಂಡು, "ನಾನೇ ತಂದ್ಬುಟ್ಟೆ ಕಣೋ ಸಿದ್ದ, ನಾನೇ ತಂದೆ. ಆ ಗಾಡಿ ಚಕ್ರ ತೊಳೆಸ್ದೆ ಒಳಗೆ ಬಿಟ್ಟೋಳು ನಾನೇ. ಅಪ್ಪ ಐದು ಕಂದು ಮಡಿಲಲ್ಲಿಟ್ಕೊಂಡು ಬಂದ್ರು, ನಾನು ಮಣ್ಣು ಮಾಡ್ಬುಟ್ಟೆ" ಅಂತ ಅತ್ತರು. ಅತ್ತೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗಾಡಿ ಅಲ್ಲ ಅತ್ತೆ ಅಂತ ಹೇಳಬೇಕಿತ್ತು. ಹೇಳಿದರೆ, ನೋಡಿ ನಮ್ಮ ಸ್ಟೆಲ್ಲಾನ ಅನ್ನುವ ಆ ಮಾತು ಇನ್ನು ಯಾವತ್ತೂ ಕೇಳಿಸುವುದಿಲ್ಲವಲ್ಲ ಅನ್ನಿಸಿತು. ಅಷ್ಟೇ ಕಣ್ರೀ, ಕಾರಣ ಇನ್ನೇನೂ ಇಲ್ಲ. ಅಷ್ಟು ಸಣ್ಣ ಕಾರಣಕ್ಕೆ ಸುಮ್ಮನಿದ್ದೆ.

ತೋಟಗಾರಿಕೆಯವರೊಬ್ಬರು ಬಂದು ನೋಡಿ, ಇದಕ್ಕೆ ಮದ್ದಿಲ್ಲಮ್ಮ, ನಿಮ್ಮ ಕಾಲದಲ್ಲಿ ಈ ಮಣ್ಣಿನಲ್ಲಿ ಇನ್ನು ರಸಬಾಳೆ ಬೇಡ ಅಂದರು. ತೋಟದೊಳಗೆ ಒಂದು ಕಡ್ಡಿ ಸುಡಲೂ ಬಿಡದಿದ್ದ, ಎಲೆ ಬಿದ್ದಲ್ಲೇ ಕೊಳೆಯಬೇಕು ಅನ್ನುತ್ತಿದ್ದ ಅತ್ತೆ, ಸಾಲು ಸಾಲಾಗಿ ಗಡ್ಡೆ ಅಗೆಸಿ ಬೆಂಕಿ ಹಾಕಿಸಿದರು. ಎರಡು ವರ್ಷದಲ್ಲಿ ತೋಟ ಬೋಳಾಯಿತು. ಹಣ್ಣಿನ ಕೋಣೆಯಲ್ಲಿ ಹಳೇ ಸೈಕಲ್ಲು, ಮುರಿದ ಕುರ್ಚಿ ಸೇರಿಕೊಂಡವು. ಆಮೇಲೆ ಸಪೋಟ, ಸೀಬೆ, ನಿಂಬೆ ಹಾಕಿ ಅತ್ತೆ ತೋಟವನ್ನು ಮತ್ತೆ ಎಬ್ಬಿಸಿದರು ಅನ್ನಿ, ವಿಷದ ಒಂದು ತೊಟ್ಟೂ ಇಲ್ಲದೆ. ಸಪೋಟ ಕೊಳ್ಳಲು ಅದೇ ಜನ ಬಂದರು, ಅದೇ ಬಾನಿಯಲ್ಲಿ ಕಾಲು ತೊಳೆದರು. ಆದರೆ ಅತ್ತೆ ಬಾಳೆಹಣ್ಣು ತಿನ್ನುವುದನ್ನು ಬಿಟ್ಟುಬಿಟ್ಟರು. ರಸಬಾಳೆ ಮಾತ್ರವಲ್ಲ, ಯಾವ ಬಾಳೆಯೂ ಇಲ್ಲ. "ಏನ್ ಲೂರ್ದಮ್ಮನೋರೇ, ನೀವೂ ಕಾಶಿಗೆ ಹೋಗಿ ಹಣ್ಣು ಬಿಟ್ಟು ಬಂದ್ರಾ?" ಅಂತ ಜಯಲಕ್ಷ್ಮಿಪುರಂ ಮೇಷ್ಟ್ರ ಹೆಂಡತಿ ರೇಗಿಸಿದರೆ, "ನನ್ನ ಕಾಶಿ ಇಲ್ಲೇ ಬಾವಿ ಹತ್ರ ಕಣ್ರೀ" ಅಂದು ಒಳಗೆ ಹೋದರು. ಕ್ರಿಸ್ಮಸ್ಸಿಗೋ, ಯಾರದೋ ಮದುವೆಗೋ ಪಂಕ್ತಿಯಲ್ಲಿ ಕೂತರೆ, ತಮ್ಮ ಎಲೆಗೆ ಬಡಿಸಿದ ಬಾಳೆಹಣ್ಣನ್ನು ಎತ್ತಿ ಪಕ್ಕದಲ್ಲಿದ್ದ ನನ್ನ ಎಲೆಗೆ ಹಾಕುತ್ತಿದ್ದರು. ನಾನು ತಿನ್ನುತ್ತಿದ್ದೆ. ತಿನ್ನದಿದ್ದರೆ ಯಾಕೆ ಅಂತ ಕೇಳುತ್ತಾರಲ್ಲ.

ಆ ಮೊದಲ ವರ್ಷದ ಕ್ರಿಸ್ಮಸ್ಸಿನ ಮುಂಚೆ ಪಾಪನಿವೇದನೆಗೆ ಹೋದಾಗ ಜಾಲರಿಯ ಈಚೆ ಮಂಡಿಯೂರಿ ಎಲ್ಲ ಹೇಳಿಬಿಟ್ಟೆ. ಗಿರಿಜಾ, ಗೋಣಿ, ಬಾನಿ, ಬಾವಿ, ಎಲ್ಲ. ಆಚೆಯಿಂದ ಫಾದರ್, "ದೇವರು ಕ್ಷಮಿಸಿದಾನೆ ಮಗಳೇ. ಮೂರು ನಮೋ ಮರಿಯಾ ಜಪ ಹೇಳು. ಆದ್ರೆ ಅತ್ತೆ ಹತ್ರ ಹೋಗಿ ನೀನೇ ಹೇಳ್ಬೇಕು. ಅವರ ಭಾರ ಇಳಿಸೋಕೆ ನನ್ನಿಂದ ಆಗಲ್ಲ, ನಿನ್ನಿಂದ ಮಾತ್ರ ಆಗೋದು" ಅಂದರು. ನಮೋ ಮರಿಯಾ ಮೂರಲ್ಲ, ಮೂವತ್ತು ಹೇಳಿದೆ. ಎರಡನೆಯದನ್ನು ಮಾಡಲಿಲ್ಲ. ದೇವರೇ ಕ್ಷಮಿಸಿದ ಮೇಲೆ ಮತ್ತೇನು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ, ಅದೂ ನನಗೆ ಗೊತ್ತಿತ್ತು. ಅವರು ತೋಟಕ್ಕೆ ಬರುತ್ತಲೇ ಇದ್ದರು. ಕಾಫಿ ಲೋಟ ಹಿಡಿದು ಜಗುಲಿಯ ಮೇಲೆ ಕೂತು, ಅತ್ತೆ ನೂರನೇ ಸಲ ಆ ಗೊಬ್ಬರದ ಗಾಡಿಯ ಕಥೆ ಹೇಳುವುದನ್ನು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ನಾನು ಅಡುಗೆಮನೆಯಿಂದ ಈಚೆ ಬರುತ್ತಿರಲಿಲ್ಲ. ಬೇರೆ ಊರಿಗೆ ವರ್ಗವಾಗಿ ಹೊರಡುವ ಮುಂಚೆ ಕೊನೆಯ ಸಲ ಬಂದರು. ಗೇಟಿನ ಹತ್ತಿರ ಷೂ ಹಾಕಿಕೊಳ್ಳುತ್ತಾ, "ಸ್ಟೆಲ್ಲಾ, ಅತ್ತೆ ಇನ್ನೂ ಹಣ್ಣು ತಿಂತಿಲ್ವಾ?" ಅಂತ ಕೇಳಿದರು. "ಇಲ್ಲ ಫಾದರ್" ಅಂದೆ. ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು.

ಒಂದೊಂದು ವಯಸ್ಸಿಗೂ ನನಗೆ ಒಂದೊಂದು ನೆಪ ಸಿಕ್ಕಿತು. ಚಿಕ್ಕವಳಿದ್ದಾಗ ಭಯ, ಕಾಲೇಜಿಗೆ ಹೋಗುವಾಗ ನಾಚಿಕೆ, ಮದುವೆಯಾಗಿ ಮಕ್ಕಳಾದ ಮೇಲೆ ಹಳೇ ಕಥೆ ಈಗ ಯಾಕೆ ಅನ್ನುವ ದೊಡ್ಡಸ್ತಿಕೆ. ಅಷ್ಟರಲ್ಲಿ ಅಪ್ಪ ಹೋದರು, ಅಮ್ಮ ಹೋದರು, ಸಿದ್ದಯ್ಯ ಹೋದ. ತೋಟದ ಮೂರೂ ಕಡೆ ಲೇಔಟ್ ಬಂದು ಬಾವಿ ಬತ್ತಿತು, ಸಪೋಟ ಮರಗಳು ಉರುಳಿದವು. ಮನೆ ಇದ್ದ ಜಾಗದಲ್ಲಿ ಈಗ ಒಂದು ಜಿಮ್ ಇದೆ. ಕಲ್ಲುಬಾನಿಯನ್ನು ಯಾರು ಎತ್ತಿಕೊಂಡು ಹೋದರೋ ತಿಳಿಯಲಿಲ್ಲ. ಅತ್ತೆ ಕುವೆಂಪುನಗರದ ನಮ್ಮ ಮನೆಗೆ ಬಂದರು. ಕುಂಡದಲ್ಲಿ ಕರಿಬೇವು ಬೆಳೆಸಿಕೊಂಡು, ನನ್ನ ಮಕ್ಕಳಿಗೆ ಗದರಿಕೊಂಡು ಚೆನ್ನಾಗಿಯೇ ಇದ್ದರು. ಹೋದ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ಹಾಸಿಗೆ ಹಿಡಿದರು. ದಿನಾ ಬೆಳಿಗ್ಗೆ ಬೇಸಿನ್ನಿನಲ್ಲಿ ಬಿಸಿನೀರು ತಂದು ಅವರ ಕಾಲು ತೊಳೆಯಬೇಕು. "ಮಲಗಿದ ಕಡೆ ಮಲಗಿರೋರಿಗೆ ಯಾವ ಮಣ್ಣು ಅತ್ತೆ?" ಅಂದರೆ, "ಇರ್ಲಿ ಕಣೇ, ತೊಳಿ. ತೊಳೀದಿದ್ರೆ ಹೊರಗೇ ನಿಂತಂಗಾಗತ್ತೆ" ಅನ್ನುತ್ತಿದ್ದರು. ಆ ಹಿಮ್ಮಡಿಯ ಬಿರುಕುಗಳಲ್ಲಿ ತೋಟದ ಕಪ್ಪು ಇನ್ನೂ ಉಳಿದುಕೊಂಡಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಒಂದು ದಿನ ಮಾರ್ಕೆಟ್ಟಿನಲ್ಲಿ ರಸಬಾಳೆ ಕಂಡಿತು. ಎರಡು ಹಣ್ಣು ತಂದು ಒಂದನ್ನು ಅತ್ತೆಯ ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡರು. "ನಮ್ಮ ಹಣ್ಣಿನ ಕೋಣೆ ಬಾಗಿಲು ತೆಗೆದಂಗಾಯ್ತಲ್ಲೇ" ಅಂದರು. ಒಂದು ಚೂರು ತಿನ್ನಿ ಅತ್ತೆ, ಒಂದೇ ಒಂದು ಚೂರು, ಅಂತ ಅಂಗಲಾಚಿದೆ. "ಥೂ, ಇಷ್ಟು ವರ್ಷ ಬಿಟ್ಟು ಈಗ ಬಾಯಿ ಚಪಲಕ್ಕೆ ತಿಂದ್ಬುಡ್ಲಾ? ಮೇಲೆ ಅಪ್ಪ ಕಾಯ್ತಾ ಕೂತಿರ್ತಾರೆ. ಗಾಡಿ ಒಳಗೆ ಬಿಟ್ಟೋಳೂ ನೀನೇ, ಹಣ್ಣು ತಿಂದೋಳೂ ನೀನೇನಾ ಅಂತ ಕೇಳಿದ್ರೆ ಏನು ಹೇಳ್ಲಿ? ನೀನು ತಿನ್ನು, ನಾನು ನೋಡ್ತೀನಿ" ಅಂತ ನನ್ನ ಕೈಗೇ ವಾಪಸ್ಸು ಕೊಟ್ಟರು. ನಾನು ತಿಂದೆ. ಅವರ ಎದುರಿಗೆ ಕೂತು, ಸಿಪ್ಪೆ ಸುಲಿದು, ಪೂರ್ತಿ ತಿಂದೆ. "ಚೆನ್ನಾಗಿದೆಯೇನೇ?" ಅಂತ ಕೇಳಿದರು, ಮುಖದಲ್ಲಿ ಮಗುವಿನಂಥ ಆಸೆ ಕಂಡಿತು. "ಚೆನ್ನಾಗಿದೆ ಅತ್ತೆ" ಅಂದೆ. ನಾಳೆ ಬೆಳಿಗ್ಗೆ ಕಾಲು ತೊಳೆಯುವಾಗ ಎಲ್ಲ ಹೇಳಿಬಿಡುತ್ತೇನೆ, ಬೈಯಲಿ, ಹೊಡೆಯಲಿ, ಆಮೇಲೆ ಇನ್ನೊಂದು ಹಣ್ಣನ್ನು ನನ್ನ ಕೈಯಾರೆ ತಿನ್ನಿಸುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ.

ಬೆಳಿಗ್ಗೆ ಬೇಸಿನ್ ತಂದು ಹಾಸಿಗೆಯ ಪಕ್ಕ ಇಟ್ಟು, ಹೊದಿಕೆ ಸರಿಸಿ ಅವರ ಕಾಲು ಮುಟ್ಟಿದೆ. ತಣ್ಣಗಿತ್ತು. ಮುಖ ನೋಡಲಿಲ್ಲ, ನೋಡಬೇಕಾಗಿರಲಿಲ್ಲ. ಯಾರನ್ನೂ ಕೂಗಲಿಲ್ಲ. ಎರಡೂ ಕಾಲನ್ನು ನೀರಿಗಿಟ್ಟು ತೊಳೆಯುತ್ತಾ ಎಲ್ಲ ಹೇಳಿದೆ. ಗಾಡಿಯಿಂದ ಬರಲಿಲ್ಲ ಅತ್ತೆ, ನಾನು ತಂದೆ, ಬಾವಿ ಹತ್ತಿರ ಆ ಹಳೇ ಬುಡದ ಪಕ್ಕ ನೆಟ್ಟೆ, ನಿಮ್ಮ ಹಬ್ಬಕ್ಕೆ ಅಂತ ತಂದೆ. ಹಿಮ್ಮಡಿ ಸರಿಯಾಗಿ ತೊಳೆದೆ. ನೀರು ಆರುವ ತನಕ ಹೇಳುತ್ತಲೇ ಇದ್ದೆ, ಆಮೇಲೆ ಟವಲಿನಲ್ಲಿ ಒರೆಸಿ, ಎದ್ದು ಹೋಗಿ ಮನೆಯವರನ್ನು ಎಬ್ಬಿಸಿದೆ.

ಆ ಇನ್ನೊಂದು ಹಣ್ಣನ್ನು ಅಂತ್ಯಕ್ರಿಯೆಗೆ ಬಂದವರಲ್ಲಿ ಯಾರೋ ಅಳುವ ಕೂಸಿಗೆ ಕೊಟ್ಟರಂತೆ. ಅವತ್ತಿನಿಂದ ನಾನು ಬಾಳೆಹಣ್ಣು ಮುಟ್ಟಿಲ್ಲ. ಊಟದ ಮನೆಗಳಲ್ಲಿ ಎಲೆಗೆ ಬಂದರೆ ಪಕ್ಕದವರ ಎಲೆಗೆ ಹಾಕುತ್ತೇನೆ. ಕಾಶಿಗೆ ಹೋಗಿದ್ರಾ ಅಂತ ಯಾರಾದರೂ ಕೇಳಿದರೆ ನಕ್ಕುಬಿಡುತ್ತೇನೆ. ಆ ಹಣ್ಣನ್ನು ಬಿಡಬೇಕಾಗಿದ್ದವಳು ಮೊದಲಿನಿಂದಲೂ ನಾನು. ಅತ್ತೆ ಗೊತ್ತಿಲ್ಲದೆ ನಾನು ಬಿಡಬೇಕಾದ್ದನ್ನು ತಾವು ಬಿಟ್ಟು, ತಮ್ಮದನ್ನು ಎತ್ತಿ ಎತ್ತಿ ನನ್ನ ಎಲೆಗೆ ಹಾಕುತ್ತಿದ್ದರು.